ಬಾವಿಯ ಮೆಟ್ಟಿಲ ಮೇಲೆ ಏಳು ಸೆಕೆಂಡು

ಧಾರವಾಡದಲ್ಲಿ ಎಂ.ಎ. ಮುಗಿಸಿ ಮಲಪನಗುಡಿಗೆ ಮರಳಿದ ವರ್ಷ ನಾನು ವಾರಕ್ಕೆ ಮೂರು ದಿನ ಹೊಸಪೇಟೆಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ದಾರಿಯಲ್ಲಿ, ಸ್ಟೇಷನ್ ರಸ್ತೆಗೆ ತಿರುಗುವಲ್ಲಿ, ಒಂದು ವಿಡಿಯೋ ಲೈಬ್ರರಿ ಇತ್ತು. ಅದರ ಗಾಜಿನ ಹಿಂದೆ ಹೊಸದಾಗಿ ಬಂದ ಕ್ಯಾಸೆಟ್‌ಗಳನ್ನು ಸಾಲಾಗಿ ನಿಲ್ಲಿಸಿರುತ್ತಿದ್ದರು. ನಾನು ನಿಂತು ನೋಡಿದವಳಲ್ಲ. ಯುಗಾದಿ ಕಳೆದ ಮೇಲೆ ಒಂದು ಗುರುವಾರ ಮಾತ್ರ ನಿಂತೆ.

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಒಬ್ಬ ಗಂಡಸು ಚಾಕು ಹಿಡಿದಿದ್ದ. ಅವನ ಹಿಂದೆ ಹಂಪಿ ಬಜಾರಿನ ಕಲ್ಲು ಮಂಟಪಗಳ ಸಾಲು. ಪಕ್ಕದಲ್ಲಿ ಒದ್ದೆ ಬೆನ್ನು ತೋರಿಸಿ ಕೂತ ಹೆಂಗಸು. ಕೆಳಗಿನ ಮೂಲೆಯಲ್ಲಿ, ಅಂಚೆಚೀಟಿಯಷ್ಟು ಜಾಗದಲ್ಲಿ, ಬಾವಿಯ ಮೆಟ್ಟಿಲ ಮೇಲೆ ಕೊಡ ಹೊತ್ತು ತಿರುಗಿ ನೋಡುತ್ತಿದ್ದ ಒಬ್ಬ ಹುಡುಗಿ. ನನಗೆ ಮೊದಲು ಗುರುತು ಸಿಕ್ಕಿದ್ದು ಬಾವಿಯದು. ಅದು ನಮ್ಮೂರ ಮೆಟ್ಟಿಲು ಬಾವಿ. ಆಮೇಲೆ ಹುಡುಗಿಯ ಗುರುತು ಸಿಕ್ಕಿತು. ಅವಳು ನನ್ನ ಸೋದರತ್ತೆ.

ಆ ಚಿತ್ರದ ಹೆಸರನ್ನು ನಮ್ಮ ಮನೆಯಲ್ಲಿ ಹದಿನೇಳು ವರ್ಷ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಅತ್ತೆಯನ್ನು ಕಂಪ್ಲಿಗೆ ಕೊಟ್ಟಿದ್ದರು. ಗಂಡನ ಮನೆಯವರಿಗೆ ಅಕ್ಕಿ ಗಿರಣಿ ಇತ್ತು, ಕಾಲುವೆ ಕೆಳಗೆ ಬಾಳೆ ತೋಟವಿತ್ತು. ಮದುವೆಯಾದ ಎರಡನೆಯ ವರ್ಷ ಅವಳು ನಾಗರ ಪಂಚಮಿಗೆ ತವರಿಗೆ ಬಂದಳು. ಆಗ ಅವಳಿಗೆ ಹತ್ತೊಂಬತ್ತು, ನನಗೆ ಐದು. ಅದೇ ವಾರ ಮದ್ರಾಸಿನಿಂದ ಸಿನೆಮಾದವರು ಹಂಪಿಗೆ ಬಂದಿದ್ದರು. ನಿಧಿ ಕದಿಯುವವರ, ಕೊಲೆಯ ಕಥೆಯಂತೆ. ದೊಡ್ಡ ಕಂಪನಿಯಲ್ಲ, ಎರಡು ವ್ಯಾನು, ಒಂದು ಕ್ಯಾಮೆರಾ, ಹತ್ತು ಹನ್ನೆರಡು ಜನ. ಒಂದು ಬೆಳಿಗ್ಗೆ ಮಲಪನಗುಡಿಗೆ ಬಂದು, ನೀರು ತರುವ ಹೆಂಗಸರು ಬೇಕು ಎಂದರು. ಓಣಿಯ ಆರು ಜನ ಹೋದರು. ಅತ್ತೆಯೂ ಹೋದಳು. ಅಪ್ಪನೇ ಹೋಗು ಅಂದಿದ್ದನಂತೆ.

ಆ ದಿನದ ಸಂಗತಿಯನ್ನು ಅತ್ತೆ ನನಗೆ ಒಂದೇ ಸಲ ಹೇಳಿದ್ದಳು, ನಾನು ಕಾಲೇಜು ಸೇರಿದ ವರ್ಷ, ಜೋಳ ಹಸನು ಮಾಡುತ್ತಾ. ಬಡ ಊರಿನ ಹೆಂಗಸರಂತೆ ಕಾಣಬೇಕೆಂದು ಎಲ್ಲರ ಒಡವೆ ತೆಗೆಸಿದರಂತೆ. ಅತ್ತೆಯ ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ ಇತ್ತು. ಅದು ಬಿಸಿಲಿಗೆ ಹೊಳೆಯುತ್ತದೆ, ತೆಗೆಯಮ್ಮಾ ಎಂದನಂತೆ ಒಬ್ಬ. "ಇದು ಒಡವಿ ಅಲ್ರಿ, ಇದನ್ನ ತೆಗದ್ರ ನಾ ಹೆಣ ಇದ್ದಂಗ" ಎಂದು ಅತ್ತೆ ಅದನ್ನು ಕುಪ್ಪಸದೊಳಗೆ ಸೇರಿಸಿ ಮೇಲೆ ಸೆರಗು ಹೊದ್ದಳಂತೆ. ಆಮೇಲೆ ಕೊಡ ಹೊತ್ತು ಮೆಟ್ಟಿಲು ಹತ್ತಿ, ಅವರು ಕೂಗಿದಾಗ ತಿರುಗಿ ನೋಡಿದಳು. ಅಷ್ಟೇ. ಮಧ್ಯಾಹ್ನದೊಳಗೆ ಅವರು ಗಂಟುಮೂಟೆ ಕಟ್ಟಿದ್ದರು.

ಪಂಚಮಿ ಮುಗಿದ ಮೇಲೆ ಮಗಳನ್ನು ಗಂಡನ ಮನೆಯವರು ಬಂದು ಕರೆದೊಯ್ಯಬೇಕು. ತಾನಾಗಿ ಹೋಗುವುದು, ತವರಿನವರೇ ಬಿಟ್ಟು ಬರುವುದು ನಮ್ಮಲ್ಲಿ ಇಲ್ಲ. ಆ ವರ್ಷ ಕಂಪ್ಲಿಯಲ್ಲಿ ನಾಟಿ ಕೆಲಸ ಮುಗಿಯುವವರೆಗೂ ಇರಲಿ ಎಂದರು, ಆಮೇಲೆ ಸುಗ್ಗಿ ಮುಗಿಯಲಿ ಎಂದರು. ಅಷ್ಟರಲ್ಲಿ ಆ ಚಿತ್ರ ಬಿಡುಗಡೆಯಾಯಿತು. ಹೊಸಪೇಟೆಗೆ ಬರಲೇ ಇಲ್ಲ. ಆಂಧ್ರದ ಗಡಿಯಾಚೆಯ ಯಾವುದೋ ಊರಿನಲ್ಲಿ ಬೆಳಗಿನ ಆಟ ಓಡಿತು. ಭತ್ತದ ವ್ಯಾಪಾರಕ್ಕೆ ಹೋಗಿದ್ದ ಕಂಪ್ಲಿಯ ಯಾರೋ ಅದನ್ನು ನೋಡಿ ಬಂದು, ಗಿರಣಿಯವರ ಸೊಸೆ ಅದರಲ್ಲಿ ಬತ್ತಲೆ ಜಳಕ ಮಾಡುತ್ತಾಳೆ ಎಂದರು.

ಕಂಪ್ಲಿಯವರು ಜಗಳಕ್ಕೆ ಬರಲಿಲ್ಲ, ಪಂಚಾಯಿತಿ ಸೇರಿಸಲಿಲ್ಲ. ಕರೆಯಲು ಬರಲಿಲ್ಲ, ಅಷ್ಟೇ. ಅತ್ತೆಯ ಗಂಡ, ನನ್ನ ಮಾವ, ಇನ್ನೊಂದು ಮದುವೆಯಾಗಲಿಲ್ಲ; ಯಾಕೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಎರಡು ವರ್ಷದ ಮೇಲೆ ನನ್ನ ತಾಯಿ ತೀರಿಕೊಂಡಳು. ನನಗೆ ತಲೆ ಬಾಚಿದ್ದು, ಬುತ್ತಿ ಕಟ್ಟಿದ್ದು, ಧಾರವಾಡದ ಹಾಸ್ಟೆಲಿಗೆ ಹೊರಟಾಗ ಟ್ರಂಕಿನಲ್ಲಿ ಬಟ್ಟೆ ಜೋಡಿಸಿದ್ದು ಎಲ್ಲ ಅತ್ತೆ. ಅವಳನ್ನು ಯಾರೂ ಕರೆಯಲು ಬಾರದೆ ಇದ್ದುದರಿಂದ ನಾನು ಬೆಳೆದೆ ಎಂಬುದು ನನಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ಪ್ರತಿ ಪಂಚಮಿಗೆ ಅವಳು ಎರಡು ಬುಟ್ಟಿ ಉಂಡಿ ಕಟ್ಟುತ್ತಿದ್ದಳು. ಒಂದು ಮನೆಗೆ. ಇನ್ನೊಂದನ್ನು ಬಿಳಿ ಬಟ್ಟೆ ಮುಚ್ಚಿ ನಡುಮನೆಯ ಗೂಟಕ್ಕೆ ತೂಗಿಹಾಕುತ್ತಿದ್ದಳು, ಯಾರಾದರೂ ಕರೆಯಲು ಬಂದರೆ ಒಯ್ಯಲು. ಹುಣ್ಣಿಮೆ ದಾಟಿದ ಮೇಲೆ ಅದನ್ನೂ ಇಳಿಸಿ ಓಣಿಯ ಮಕ್ಕಳಿಗೆ ಹಂಚುತ್ತಿದ್ದಳು.

ಈಗ ಯುಗಾದಿಯ ನಂತರ ಕಂಪ್ಲಿಯಿಂದ ಸುದ್ದಿ ಬಂದಿತ್ತು. ಅತ್ತೆಯ ಅತ್ತೆ ಹಾಸಿಗೆ ಹಿಡಿದಿದ್ದಳು. ದೊಡ್ಡ ಸೊಸೆ ಎಂದೋ ತೀರಿಹೋಗಿದ್ದಳು. ಮುದುಕಿ ಕಿರಿಯ ಸೊಸೆಯನ್ನು ಕೇಳುತ್ತಿದ್ದಳು. ಸೋಮವಾರ ಮಾವನ ಅಣ್ಣ ಕರೆಯಲು ಬರುತ್ತಾರೆ. ಅವರು ಆ ಮನೆಯ ಯಜಮಾನರು. ನಾನು ದೊಡ್ಡ ಮಾವ ಎನ್ನುತ್ತಿದ್ದೆ. ಮರುದಿನ ನೋಡಿದರೆ ಅತ್ತೆಯ ಟ್ರಂಕಿನ ಸೀರೆಗಳೆಲ್ಲ ಹಿತ್ತಿಲ ಹಗ್ಗದ ಮೇಲೆ ಗಾಳಿಗೆ ಆಡುತ್ತಿದ್ದವು.

ಗುರುವಾರ ನಾನು ಕ್ಯಾಸೆಟ್ ಅಂಗಡಿಯೊಳಗೆ ಕಾಲಿಟ್ಟದ್ದು ಇದಕ್ಕಾಗಿ. ನಾನು ಓದಿದ್ದು ಇತಿಹಾಸ. ನೋಡದವರು ಹೇಳಿದ್ದನ್ನು ನಂಬಬಾರದು, ಮೂಲವನ್ನು ನೋಡಬೇಕು ಎಂದು ಕಲಿತಿದ್ದೆ. ಹದಿನೇಳು ವರ್ಷ ನಮ್ಮಲ್ಲಿ ಯಾರೂ ನೋಡದ ಮೂಲ ಗಾಜಿನ ಹಿಂದೆ ಇತ್ತು.

ಅಂಗಡಿಯವ ನಲವತ್ತು ದಾಟಿದ ಮನುಷ್ಯ. ನಾನು ಬೆರಳು ತೋರಿಸಿದ್ದನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದ.

"ಅಕ್ಕಾರ, ಇದು ನಿಮ್ಮಂಥೋರು ನೋಡೋ ಪಿಕ್ಚರ್ ಅಲ್ರಿ. ದೇವರ ಪಿಕ್ಚರ್ ಬಂದಾವ, ಮಸ್ತ್ ಅದಾವ, ಕೊಡ್ಲೇನು?"

"ಇದ ಬೇಕ್ರಿ."

"ಆಮ್ಯಾಲ ಮನ್ಯಾಗಿನ ದೊಡ್ಡೋರು ಬಂದು ನನ್ನ ಕೊಳ್ಳಪಟ್ಟಿ ಹಿಡೀಬಾರ್ದು ನೋಡ್ರಿ. ನಾ ಬ್ಯಾಡ ಅಂದೀನಿ."

ಕಬ್ಬು ಚೆನ್ನಾಗಿ ಬಂದ ವರ್ಷ ಅಪ್ಪ ಟಿ.ವಿ. ತಂದಿದ್ದ. ನೆಂಟರ ಮದುವೆಯ ಕ್ಯಾಸೆಟ್ ನೋಡಲೆಂದು ಮರುವರ್ಷ ಪ್ಲೇಯರನ್ನೂ ತಂದಿದ್ದ. ಮಧ್ಯಾಹ್ನ ಅಪ್ಪ ಗದ್ದೆಗೆ ಹೋಗಿದ್ದ, ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದಳು. ನಾನು ಬಾಗಿಲು ಹಾಕಿ, ಧ್ವನಿ ಪೂರ್ತಿ ತಗ್ಗಿಸಿ ಕೂತೆ.

ಕಳಪೆ ಚಿತ್ರ. ಕಳ್ಳರು ಮಂಟಪಗಳ ನಡುವೆ ಓಡುತ್ತಾರೆ, ಅದೇ ಕಂಬವನ್ನು ಮೂರು ಸಲ ದಾಟುತ್ತಾರೆ. ಹೆಣವಾಗಿ ಬಿದ್ದವನ ಹೊಟ್ಟೆ ಏರಿಳಿಯುತ್ತದೆ. ಅರ್ಧ ಕಳೆದ ಮೇಲೆ ಕಳ್ಳರಲ್ಲೊಬ್ಬ ನೀರು ಕುಡಿಯಲು ಒಂದು ಬಾವಿಗೆ ಬರುತ್ತಾನೆ. ಆಗ ಅತ್ತೆ ಕಂಡಳು.

ಮೆಟ್ಟಿಲು ಹತ್ತಿ ಬರುತ್ತಾಳೆ. ನಿಲ್ಲುತ್ತಾಳೆ. ತಿರುಗಿ ನೋಡುತ್ತಾಳೆ. ಮುಖ ಪರದೆಯ ತುಂಬ ಬರುತ್ತದೆ. ಕೈಗಡಿಯಾರ ಹಿಡಿದು ಎಣಿಸಿದೆ, ಏಳು ಸೆಕೆಂಡು. ನನಗಿಂತ ಮೂರು ವರ್ಷ ಚಿಕ್ಕವಳಾದ ಅತ್ತೆ. ಅವಳ ಹುಬ್ಬಿನ ನಡುವೆ ನಾನು ಬಲ್ಲ ಗೆರೆ ಆಗಿನ್ನೂ ಮೂಡಿರಲಿಲ್ಲ.

ಮರುಕ್ಷಣವೇ ಒಂದು ಬಚ್ಚಲು. ಬಿಳಿ ಟೈಲ್ಸ್ ಗೋಡೆ. ಒಬ್ಬ ಹೆಂಗಸಿನ ಬೆನ್ನು, ಭುಜ, ಕೊರಳು, ಸೋಪಿನ ನೊರೆ. ಮುಖ ಎಲ್ಲಿಯೂ ಕಾಣುವುದಿಲ್ಲ. ಅದು ಮುಗಿದ ಕೂಡಲೇ ಮತ್ತೆ ಬಾವಿ, ನೀರು ಕುಡಿಯುತ್ತಿರುವ ಕಳ್ಳ.

ನಾನು ಟೇಪನ್ನು ಹಿಂದಕ್ಕೆ ಓಡಿಸಿ ಅದೆಷ್ಟು ಸಲ ನೋಡಿದೆನೋ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಚ್ಚಲಿನ ಚಿತ್ರದ ಬಣ್ಣ ಬೇರೆ, ಕೆಂಪು ಜಾಸ್ತಿ. ಫಿಲ್ಮಿನ ಮೇಲಿನ ಗೀರುಗಳು ಬೇರೆ. ಅತ್ತೆಯ ಬಲ ಮುಂಗೈಯಲ್ಲಿ ಆಲೆಮನೆಯ ಬೆಲ್ಲದ ಪಾಕ ಸಿಡಿದ ಕಲೆಯಿದೆ, ಆದರೆ ಈ ಹೆಂಗಸಿನ ಕೈ ನೊರೆಯಲ್ಲಿ ಮುಚ್ಚಿಹೋಗಿದೆ, ಅದು ಸಾಕ್ಷಿಯಾಗದು. ಕೊನೆಗೆ ಸಿಕ್ಕಿತು. ಅವಳ ಕೊರಳು ಬರಿದಾಗಿತ್ತು. ಲಿಂಗ ಇಲ್ಲ, ಅದನ್ನು ಕಟ್ಟುವ ಶಿವದಾರವೂ ಇಲ್ಲ. ಅತ್ತೆ ಜಳಕದಲ್ಲೂ ಲಿಂಗ ತೆಗೆದವಳಲ್ಲ. ಇದು ಅವಳಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಎಂದು ಅದರ ಕೆಳಗೆ ಎರಡು ಗೆರೆ ಎಳೆದೆ.

ಮರುದಿನ ಅಂಗಡಿಯವನನ್ನು ಕೇಳಿದೆ. ಅವನು ಮೊದಲು ಕೆಮ್ಮಿದ.

"ಅದಕ್ಕ ಬಿಟ್ ಅಂತಾರ್ರಿ. ಬ್ಯಾರೆ ಯಾವ್ದೋ ಪಿಕ್ಚರಿಂದು ಕತ್ತರಿಸಿ ನಡುವ ಅಂಟಿಸಿರ್ತಾರ. ಮೊದ್ಲು ಟಾಕೀಸಿನೋರು ಮಾಡ್ತಿದ್ರು, ಈಗ ಕ್ಯಾಸೆಟ್ ಕಂಪನಿಯೋರೂ ಮಾಡ್ತಾರ. ಇಂಥ ಹಳೇ ಪಿಕ್ಚರ್ ಹಂಗ ಬಿಟ್ರ ಯಾರ ಒಯ್ತಾರ್ರಿ? ಸಂಡೂರು, ಬಂಡ್ರಿ ಕಡೆ ಮೈನಿಂಗ್ ಲಾರಿಯೋರು ಬಂದು, ಬಿಟ್ ಐತೇನಲೇ ಅಂತನ ಕೇಳ್ತಾರ."

"ನಾ ಮರಳಿ ಕೊಟ್ಟ ಮ್ಯಾಲ ಇದನ್ನ ಗಾಜಿನ್ಯಾಗ ಇಡಬ್ಯಾಡ್ರಿ. ಮತ್ತ ಯಾರಿಗೂ ಕೊಡಬ್ಯಾಡ್ರಿ."

"ನಿಮ್ಮ ಹತ್ರ ಇರೋದು ಒಂದು. ಇನ್ನೊಂದು ನಿನ್ನಿ ಕಂಪ್ಲಿ ಅಂಗಡಿಗೆ ಹೋತ್ರಿ." ನನ್ನ ಮುಖ ನೋಡಿ ಅವನ ದನಿ ಇಳಿಯಿತು. "ಯಾಕ್ರಿ ಅಕ್ಕಾರ, ಗುರ್ತಿನೋರೇನು?"

ನಾನು ಬಸ್‌ಸ್ಟ್ಯಾಂಡಿಗೆ ನಡೆದೆ. ಆಂಧ್ರದ ಆ ಊರಿನ ಬೆಳಗಿನ ಆಟದಲ್ಲಿ ಏನಾಗಿರಬೇಕೆಂದು ಆ ದಾರಿಯಲ್ಲಿ ನನಗೆ ತಿಳಿಯಿತು. ಅಲ್ಲಿಯೂ ಯಾವನೋ ಆಪರೇಟರ್ ಕತ್ತರಿ ಆಡಿಸಿರಬೇಕು. ಮುಖ ಚೆನ್ನಾಗಿತ್ತು, ಅದರ ಮುಂದೆ ಒಂದು ಮೈ ಅಂಟಿಸಿದ. ಅವನಿಗೆ ಅತ್ತೆ ಯಾರೆಂದು ಗೊತ್ತಿರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ನನಗೂ ಗೊತ್ತಾಗಲಿಲ್ಲ.

ಮನೆಯಲ್ಲಿ ನಾನು ಯಾರಿಗೂ ಹೇಳಲಿಲ್ಲ. ದೊಡ್ಡ ಮಾವ ಬರದೆ ಹೋದರೆ ನಾನೇ ಕಂಪ್ಲಿಗೆ ಹೋಗಿ ತೋರಿಸುತ್ತೇನೆ ಎಂದು ಒಂದೊಂದು ಮಾತನ್ನೂ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡೆ.

ಆದರೆ ಸೋಮವಾರ ಹನ್ನೊಂದರ ಬಸ್ಸಿಗೆ ಅವರು ಬಂದರು. ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಂದರಲ್ಲಿ ಸೀರೆ, ಖಣ, ತೆಂಗಿನಕಾಯಿ ಇದ್ದ ಚೀಲ. ಅಪ್ಪ ಎದ್ದು ನಿಂತ.

"ಬರ್ರಿ ಬೀಗರ, ಕುಂದ್ರಿ. ಬಿಸಿಲು ಭಾಳ ಆತು."

"ಬಿಸಿಲಿಗೇನ್ರಿ, ಬಸ್ಸಿನ್ಯಾಗ ಕೋಳಿ ಪುಟ್ಟಿ ಮ್ಯಾಲ ಕುಂತು ಬಂದೀನಿ. ಕಾಲುವಿ ಬಂದ್ ಮಾಡ್ಯಾರಂತಲ್ಲ ನಿಮ್ಮ ಕಡೆ?"

"ಎಂಟು ದಿನದಾಗ ಬಿಡ್ತಾರಂತ್ರಿ."

ಅವರು ನೀರು ಕುಡಿದರು. ಅಡುಗೆಮನೆಯಲ್ಲಿ ಅತ್ತೆ ಚಹಾಕ್ಕೆ ಇಟ್ಟಿದ್ದಳು. ಮಿಂದು, ಇಳಕಲ್ ಸೀರೆ ಉಟ್ಟು, ಟ್ರಂಕಿಗೆ ಬೀಗ ಹಾಕಿ ಕೂತಿದ್ದಳು. ನಾನು ನಡುಮನೆಯ ಬಾಗಿಲಲ್ಲಿ ನಿಂತಿದ್ದೆ.

ದೊಡ್ಡ ಮಾವ ಲೋಟ ಕೆಳಗಿಟ್ಟರು. "ಆ ಪಿಕ್ಚರ್ ನಮ್ಮೂರಿಗೂ ಬಂದೈತ್ರಿ. ಮೊನ್ನೆ ಗಿರಣಿ ಹುಡುಗರು ಹಾಕ್ಕೊಂಡು ಕುಂತಿದ್ರು, ನಾ ಹ್ವಾದೆ, ಎದ್ದು ಬಂದೆ."

ಅಪ್ಪ ತಲೆ ಎತ್ತಲಿಲ್ಲ. ಕ್ಯಾಸೆಟ್ಟಿನ ಸುದ್ದಿ ಅವನಿಗೆ ಅದೇ ಮೊದಲು.

"ಆಗಿದ್ದು ಆಗೇತಿ ಬಿಡ್ರಿ. ಹತ್ತೊಂಬತ್ತರ ಹುಡುಗಿ, ತಿಳೀಲಿಲ್ಲ. ನಮ್ಮವ್ವ, ಸೊಸಿ ಕೈಲೆ ಒಂದು ಗುಟುಕು ನೀರು ಕುಡದು ಹೋಗ್ತೀನಿ ಅಂತ ಕುಂತಾಳ. ನಾವ್ಯಾರೂ ಮನಸಿನ್ಯಾಗ ಇಟ್ಕೊಳ್ಳೂದಿಲ್ಲ. ತಯಾರಾಗಾಕ ಹೇಳ್ರಿ, ಎರಡರ ಬಸ್ಸಿಗೆ ಹೊಂಡೂನು."

ಅಪ್ಪನ ಹೆಗಲು ಸಡಿಲವಾದದ್ದು ನನಗೆ ಕಂಡಿತು. ಒಳಗೆ ಬಳೆಯ ಸದ್ದು ನಿಂತಿತ್ತು. ನಾನು ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ 'ಆಗಿದ್ದು' ಎಂಬ ಆ ಮಾತು ನನಗೆ ನುಂಗಲಾಗಲಿಲ್ಲ. ಏನೂ ಆಗಿರಲಿಲ್ಲ. ಮಾಡದ ತಪ್ಪಿಗೆ ಕ್ಷಮೆ ಹೊತ್ತುಕೊಂಡು ಅತ್ತೆ ಆ ಮನೆಯ ಹೊಸ್ತಿಲು ದಾಟುವುದು ನನಗೆ ಬೇಡವಾಗಿತ್ತು. ಅತ್ತೆಗೆ ಏನು ಬೇಕು ಎಂದು ನಾನು ಕೇಳಿರಲಿಲ್ಲ.

"ಮಾವಾರ, ಅದು ನಮ್ಮತ್ತಿ ಅಲ್ರಿ."

"ಒಳಗ ಹೋಗು," ಅಪ್ಪ ಅಂದ.

"ಮುಖ ಅಷ್ಟ ಅತ್ತೀದು. ಮುಂದಿಂದು ಬ್ಯಾರೆ ಯಾರದೋ, ಕಂಪನಿಯೋರು ಅಂಟಿಸ್ಯಾರ. ಬೇಕಾರ ಕೊಳ್ಳು ನೋಡ್ರಿ. ಆ ಹೆಣ್ಮಗಳ ಕೊಳ್ಳಾಗ ಲಿಂಗ ಇಲ್ಲ, ಶಿವದಾರ ಸುದ್ದಾ ಇಲ್ಲ."

ದೊಡ್ಡ ಮಾವ ನನ್ನನ್ನು ನೋಡಿದರು. ಅವರ ಕೈ ತಮ್ಮ ಅಂಗಿಯ ಮೇಲೆ, ಲಿಂಗ ಇರುವ ಜಾಗಕ್ಕೆ ಹೋಯಿತು. "ಕೊಳ್ಳು ಬರೇ ಇತ್ತೇನು?"

"ಹೌದ್ರಿ, ಬರೇ ಇತ್ತು!" ಅವರಿಗೆ ಅರ್ಥವಾಯಿತೆಂದು ನನ್ನ ದನಿ ಏರಿತ್ತು.

"ನಾ ಅಷ್ಟು ನೋಡಿರ್ಲಿಲ್ಲ."

ಆಮೇಲೆ ಅಪ್ಪನ ಕಡೆ ತಿರುಗಿದರು. "ಅಂಟಿಸ್ಯಾರೋ ಏನು ಮಾಡ್ಯಾರೋ, ನನಗ ತಿಳಿಯೂದಿಲ್ರಿ. ಮುಖ ಆಕೀದು, ಕಣ್ಣು ಮುಚ್ಚಿ ತೆರಿಯೂದ್ರೊಳಗ ಕೊಳ್ಳು ಬರೇ. ಮೈ ತೋರಿಸಿದ್ದನ್ನ ನಾ ನುಂಗಿಕೊಂಡಿದ್ದೆ. ಲಿಂಗ ತೆಗೆದಿಟ್ಟಾಕಿ ಕೈಲೆ ನಮ್ಮವ್ವ ನೀರು ಮುಟ್ಟೂದಿಲ್ಲ. ಸಾಯೋ ಮುದುಕೀಗೆ ನಾ ಸುಳ್ಳು ಹೆಂಗ ಹೇಳ್ಲಿ?"

ನಾನು ಬಿಟ್ ಎಂದರೇನು, ಫಿಲ್ಮನ್ನು ಹೇಗೆ ಕತ್ತರಿಸುತ್ತಾರೆ ಎಂದೆಲ್ಲ ಹೇಳಿದೆ. ಬಚ್ಚಲಿನ ಟೈಲ್ಸ್ ನಮ್ಮೂರಲ್ಲಿ ಎಲ್ಲಿವೆ ಎಂದೆ. "ಮದ್ರಾಸಿನ್ಯಾಗ ಇರ್ತಾವಲ್ಲವ್ವಾ," ಎಂದರು, ಬೈಯುವ ದನಿಯಲ್ಲಲ್ಲ. ಬಾಳೆಹಣ್ಣಿನ ಚಿಪ್ಪನ್ನು ಕಟ್ಟೆಯ ಮೇಲೆ ಬಿಟ್ಟು, ಸೀರೆಯ ಚೀಲ ಎತ್ತಿಕೊಂಡು ಹೊರಟರು. ಅಪ್ಪ ಬಸ್ಸಿನವರೆಗೆ ಜೊತೆಗೆ ಹೋದ.

ಅಡುಗೆಮನೆಯಲ್ಲಿ ಅತ್ತೆ ಸೋಸಿಟ್ಟ ಚಹಾವನ್ನು ಲೋಟದಿಂದ ಪಾತ್ರೆಗೆ ಮರಳಿ ಸುರಿಯುತ್ತಿದ್ದಳು.

"ಅವ್ರು ಬಾ ಅಂದಿದ್ರಲ್ಲ ಯವ್ವಾ," ಅಂದಳು.

ಅವಳು ಅದನ್ನು ಇನ್ನೊಮ್ಮೆ ಹೇಳಲಿಲ್ಲ. ಇಳಕಲ್ ಸೀರೆ ಬಿಚ್ಚಿ ಮಡಚಿಟ್ಟು, ನಿತ್ಯದ ಸೀರೆ ಉಟ್ಟು ಬಂದು, ಟಿ.ವಿ.ಯ ಮುಂದೆ ಕೂತಳು.

"ಹಾಕು. ನಾ ಹೆಂಗ ಕಾಣ್ತೀನಿ ನೋಡೂನು."

ಬ್ಯಾಡ ಅತ್ತಿ ಎಂದೆ. ಅವಳು ಅಲುಗಲಿಲ್ಲ. ಬಾವಿಯವರೆಗೆ ಓಡಿಸಿ ಹಾಕಿದೆ, ಬಚ್ಚಲು ಬರುವ ಮೊದಲೇ ಒತ್ತಲು ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು. ಹತ್ತೊಂಬತ್ತರ ಹುಡುಗಿ ಮೆಟ್ಟಿಲು ಹತ್ತಿದಳು, ನಿಂತಳು, ತಿರುಗಿದಳು. ನಾನು ನಿಲ್ಲಿಸಿದೆ. ಚಿತ್ರ ಗೆರೆಗೆರೆಯಾಗಿ ನಡುಗುತ್ತಾ ನಿಂತಿತು.

ಅತ್ತೆ ತೆವಳಿಕೊಂಡು ಪರದೆಯ ಹತ್ತಿರ ಹೋದಳು. ಮುಖವನ್ನಲ್ಲ, ಅದರ ಕೆಳಗೆ ನೋಡುತ್ತಿದ್ದಳು.

"ನೋಡಿಲ್ಲಿ," ಎಂದು ಬೆರಳಿಟ್ಟಳು. "ದಾರ."

ತಿರುಗುವಾಗ ಸೆರಗು ಒಂದು ಬೆರಳಿನಷ್ಟು ಜಾರಿತ್ತು. ಕೊರಳಿನ ಎಲುಬಿನ ಮೇಲೆ, ಕುಪ್ಪಸದ ಅಂಚಿನೊಳಗೆ ಇಳಿಯುತ್ತಿದ್ದ ಶಿವದಾರ ಕಾಣುತ್ತಿತ್ತು. ಏಳನೆಯ ಸೆಕೆಂಡಿನಲ್ಲಿ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಯಾವ ಕೊರಳಿನಿಂದಲೂ ಲಿಂಗ ಮಾಯವಾಗುವುದಿಲ್ಲ. ಇದನ್ನು ತೋರಿಸಿದ್ದರೆ ದೊಡ್ಡ ಮಾವನಿಗೆ ಕತ್ತರಿಯ ಪಾಠ ಬೇಕಿರಲಿಲ್ಲ. ನಾನು ಅಷ್ಟು ಸಲ ನೋಡಿದ್ದೆ. ಆದರೆ ನಾನು ಹುಡುಕಿದ್ದು ಆ ಇನ್ನೊಬ್ಬಳ ಮೈಯಲ್ಲಿ ಏನು ಇಲ್ಲ ಎಂಬುದನ್ನು. ಅತ್ತೆಯ ಮೈಮೇಲೆ ಏನಿದೆ ಎಂದು ನೋಡಿರಲಿಲ್ಲ.

ಅಪ್ಪ ಬಂದ ಕೂಡಲೇ ಹೇಳಿದೆ. ಈಗಲೇ ಕಂಪ್ಲಿಗೆ ಹೋಗೋಣ, ಕ್ಯಾಸೆಟ್ ಒಯ್ಯೋಣ ಎಂದೆ. ಅವನು ತಲೆಯ ಪಟಗ ತೆಗೆದು ಮುಖ ಒರೆಸಿಕೊಂಡ. "ಸಾಕು ಮಾಡವ್ವಾ. ಇನ್ನೊಮ್ಮಿ ಆ ಮಂದಿ ಮುಂದ ನಮ್ಮ ಹುಡುಗೀನ ಪಡದೆ ಮ್ಯಾಲ ಇಡಬೇಕೇನು?" ಅವನು ಅತ್ತೆಯನ್ನು ಹುಡುಗಿ ಎಂದದ್ದನ್ನು ನಾನು ಅಂದೇ ಕೇಳಿದ್ದು.

ನಾನು ಕಂಪ್ಲಿಗೆ ಕಾಗದ ಬರೆದೆ. ಎಲ್ಲವನ್ನೂ ಬರೆದೆ, ಸೆರಗು ಜಾರಿದ್ದನ್ನು, ದಾರವನ್ನು, ಏಳನೆಯ ಸೆಕೆಂಡನ್ನು. ಉತ್ತರ ಬರಲಿಲ್ಲ. ಕ್ಯಾಸೆಟ್ಟನ್ನು ಅಂಗಡಿಗೆ ಮರಳಿಸಿದೆ. ಟೇಪನ್ನು ಎಳೆದು ಹರಿಯಬೇಕೆಂದು ಒಂದು ಗಳಿಗೆ ಅನಿಸಿತ್ತು. ಆದರೆ ಆ ಮೈ ಇದ್ದ ಟೇಪಿನಲ್ಲೇ ಅತ್ತೆಯ ಮುಖವೂ ಇತ್ತು. ಅಂಗಡಿಯವ ಅದನ್ನು ಗಾಜಿನ ಹಿಂದೆ ಇಡಲಿಲ್ಲ, ಮೇಜಿನ ಕೆಳಗೆ ಇಟ್ಟ. ಅವನಿಂದ ಆದದ್ದು ಅಷ್ಟು.

ಮುಂಗಾರಿಗೆ ಮುಂಚೆ ಮುದುಕಿ ತೀರಿಹೋದಳು. ನಮಗೆ ಯಾರೂ ಹೇಳಿ ಕಳಿಸಲಿಲ್ಲ. ಮಣ್ಣು ಮಾಡಿ ನಾಲ್ಕು ದಿನವಾದ ಮೇಲೆ ಕಂಪ್ಲಿ ಸಂತೆಗೆ ಹೋಗಿ ಬಂದವರು ಹೇಳಿದರು. ಅತ್ತೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಯಾರು ನೀರು ಹಾಕಿದ್ರೋ ಏನೋ," ಅಂದಳು. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು. ಅದನ್ನು ಬದಿಗಿಟ್ಟು ಇನ್ನೊಂದು ಬಡಿದಳು.

ಆ ವರ್ಷದ ಪಂಚಮಿಗೂ ಅವಳು ಎಳ್ಳು ಹುರಿದಳು, ಬೆಲ್ಲ ಹೆರೆದಳು, ಉಂಡಿ ಕಟ್ಟಿದಳು. ಒಂದು ಬುಟ್ಟಿ ತುಂಬಿದ ಮೇಲೆ ಕೈ ತೊಳೆದುಕೊಂಡಳು. ಖಾಲಿ ಬುಟ್ಟಿಯೊಳಗೆ ಅದರ ಬಿಳಿ ಬಟ್ಟೆಯನ್ನು ಮಡಚಿಟ್ಟು ನನ್ನ ಕೈಗೆ ಕೊಟ್ಟಳು.

"ಇದನ್ನ ಅಟ್ಟದ ಮ್ಯಾಲ ಇಡು ಯವ್ವಾ. ನನಗ ನಿಲುಕೂದಿಲ್ಲ."

ನಾನು ತೆಗೆದುಕೊಂಡು ಮೇಲಿಟ್ಟೆ.